ತಲೆಸ್ನಾನದ ಭಾನುವಾರ

ನೆಂಟರ ಮನೆ ಊಟಕ್ಕೆ ಹೊರಟ ಅಪ್ಪ ಅಮ್ಮನಿಗೆ ‘ನಾ ಬರಲ್ಲ, ತಲೆ ಒಣಗಿಲ್ಲ’ ಅಂತ ಹೇಳಿ ಮನೆಯಲ್ಲೇ ಉಳಿದ ಭಾನುವಾರಗಳು ನನಗೂ ಇದ್ದವು. ಬಿಸಿಲಿಗೆ ಕೂದಲು ಹರವಿಕೊಂಡು, ರೇಡಿಯೋ ಜೋರು ಮಾಡಿಕೊಂಡು ಕೂತರೆ ಆ ನಾಲ್ಕು ಗಂಟೆ ಮನೆಯೆಲ್ಲ ನಮ್ಮದೇ. ಹಾಗಾಗಿ ಜಾಯ್ಸ್ ಕರೋಲ್ ಓಟ್ಸ್ ಅವರ ‘ವೇರ್ ಆರ್ ಯು ಗೋಯಿಂಗ್, ವೇರ್ ಹ್ಯಾವ್ ಯು ಬೀನ್?’ ಕಥೆಯನ್ನು ಬಿ.ಎ. ತರಗತಿಗೆ ಪಾಠ ಮಾಡುವಾಗ ನಾನು ಅಮೆರಿಕದಿಂದ ಶುರು ಮಾಡುತ್ತಿರಲಿಲ್ಲ, ಒದ್ದೆ ತಲೆಯಿಂದ ಶುರು ಮಾಡುತ್ತಿದ್ದೆ.

1966ರ ಕಥೆ. ಕಥಾನಾಯಕಿ ಕಾನಿಗೆ 15 ವರ್ಷ. ಕಂಡ ಕನ್ನಡಿಗೆಲ್ಲ ಇಣುಕುವ ಚಾಳಿ. ಒಂದು ಕಾಲಕ್ಕೆ ಚೆಲುವೆಯಾಗಿದ್ದ ಅಮ್ಮ ಅದಕ್ಕೇ ಬೈಯುತ್ತಾಳೆ. ಅಕ್ಕ ಜೂನ್‌ಗೆ 24. ಕಾನಿ ಓದುವ ಶಾಲೆಯಲ್ಲೇ ಕೆಲಸ, ಮಾತೆತ್ತಿದರೆ ಅವಳದೇ ಹೋಲಿಕೆ. ಕಾನಿಯ ಬ್ಲೌಸ್ ಮನೆಯಲ್ಲಿ ಒಂದು ಥರ, ಹೊರಗೆ ಇನ್ನೊಂದು ಥರ. ನಡಿಗೆ, ನಗು ಕೂಡ ಹಾಗೇ. ಇದನ್ನು ಹೇಳಿದಾಗ ಹಿಂದಿನ ಬೆಂಚಿನಲ್ಲಿ ಕಿಸಕ್ಕೆಂದವಳನ್ನು ನಾನು ಅಂದು ಬೆಳಿಗ್ಗೆಯೇ ಬಸ್ ಸ್ಟ್ಯಾಂಡಿನಲ್ಲಿ ನೋಡಿದ್ದೆ: ಬಿಗಿಜಡೆ ಬಿಚ್ಚಿ, ಕ್ಲಿಪ್ ಹಾಕಿ, ಮೊಬೈಲ್ ನೋಡಿಕೊಂಡು ಲಿಪ್‌ಸ್ಟಿಕ್ ತೀಡುತ್ತಿದ್ದಳು. ಸಂಜೆ ಊರಿನ ಬಸ್ಸು ಹತ್ತುವ ಮೊದಲು ಮತ್ತೆ ಜಡೆ.

ಗೆಳತಿಯ ಅಪ್ಪ ಹುಡುಗಿಯರನ್ನು ಪೇಟೆಗೆ ಬಿಟ್ಟು, ರಾತ್ರಿ 11ಕ್ಕೆ ಕರೆದುಕೊಂಡು ಹೋಗುತ್ತಾನೆ. ಏನು ಮಾಡಿದಿರಿ ಅಂತ ಕೇಳುವುದಿಲ್ಲ. ಕಾನಿಯ ಅಪ್ಪನಿಗೆ ಪೇಪರು, ಊಟ, ನಿದ್ದೆ. ಬೈಗುಳ ಬಿಟ್ಟರೆ ಅವಳನ್ನು ಮಾತಾಡಿಸುವವರೇ ಆ ಮನೆಯಲ್ಲಿಲ್ಲ. ಇವಳಿಗೆ ಸಿಕ್ಕಿದ್ದನ್ನು ಸ್ವಾತಂತ್ರ್ಯ ಅನ್ನಲು ನನಗೆ ಬಾಯಿ ಬರುವುದಿಲ್ಲ. ಯಾರ ಕಣ್ಣಿಗೂ ಬೀಳದೆ ಉಳಿದದ್ದು, ಅಷ್ಟೇ.

ನನ್ನ ಹಾಗೆಯೇ ತಲೆ ಒಣಗಿಸುತ್ತ ಕಾನಿ ಒಬ್ಬಳೇ ಮನೆಯಲ್ಲಿ ಉಳಿದ ಭಾನುವಾರ ಅಂಗಳಕ್ಕೆ ಬಂಗಾರದ ಬಣ್ಣ ಬಳಿದ ಹಳೇ ಕಾರು ಬರುತ್ತದೆ. ಸದ್ದು ಕೇಳಿದ್ದೇ ಕಾನಿಯ ಕೈ ಹೋಗುವುದು ಕೂದಲಿಗೆ. ಬಂದವನು ಆರ್ನಾಲ್ಡ್ ಫ್ರೆಂಡ್. ಹುಡುಗನ ವೇಷ, ವಯಸ್ಸು ಮೂವತ್ತೋ ಹೆಚ್ಚೋ; ಬೂಟಿನೊಳಗೆ ಏನೋ ತುರುಕಿಕೊಂಡು ಎತ್ತರವಾಗಿದ್ದಾನೆ. ಕಾರಿನಲ್ಲೂ ಮನೆಯಲ್ಲೂ ರೇಡಿಯೋದಲ್ಲಿ ಒಂದೇ ಕಾರ್ಯಕ್ರಮ. ಅವಳ ಹೆಸರು, ಗೆಳತಿಯರು, ಅಪ್ಪ ಅಮ್ಮ ಎಲ್ಲಿ ಹೋಗಿದ್ದಾರೆ, ಎಲ್ಲ ಅವನಿಗೆ ಗೊತ್ತು. ಇಷ್ಟು ಗಮನ ಕೊಟ್ಟು ಅವಳನ್ನು ಯಾರೂ ನೋಡಿರಲಿಲ್ಲ. ನನ್ನ ಮೈ ಜುಮ್ಮೆನ್ನುವುದು ಅವನ ಬೆದರಿಕೆಗಿಂತ ಹೆಚ್ಚಾಗಿ ಇಲ್ಲಿ.

ಆ ಬೂಟು ಕಟ್ಟುಕಥೆಯಲ್ಲ. ಅರಿಝೋನಾದ ಟೂಸಾನ್‌ನಲ್ಲಿ ಹದಿಹರೆಯದ ಹುಡುಗಿಯರನ್ನು ಕೊಂದ ಚಾರ್ಲ್ಸ್ ಸ್ಮಿಡ್ ಹಾಗೆ ಬೂಟು ತುಂಬಿಕೊಳ್ಳುತ್ತಿದ್ದ. ‘ಲೈಫ್’ ಪತ್ರಿಕೆಯಲ್ಲಿ ಅವನ ಬಗ್ಗೆ ಬಂದ ವರದಿಯನ್ನು ಓಟ್ಸ್ ಬೇಕೆಂದೇ ಪೂರ್ತಿ ಓದಲಿಲ್ಲ. ಕೊಲೆಗಾರನನ್ನು ಬದಿಗಿಟ್ಟು ಹುಡುಗಿಯ ಬೆನ್ನು ಹತ್ತಿದರು.

ಕೊನೆಗೆ ಕಾನಿ ಬಾಗಿಲು ತಳ್ಳಿಕೊಂಡು ಹೊರಗೆ ಹೋಗುತ್ತಾಳೆ. ಮುಂದೇನಾಯಿತು ಅಂತ ಕಥೆ ಹೇಳುವುದಿಲ್ಲ. ಲಾರಾ ಡರ್ನ್ ಅಭಿನಯದ 1985ರ ‘ಸ್ಮೂತ್ ಟಾಕ್’ ಸಿನಿಮಾದಲ್ಲಿ ಅವಳು ಮನೆಗೆ ವಾಪಸು ಬರುತ್ತಾಳೆ. ನನಗೆ ಕಥೆಯೇ ಸರಿ.

“ಚಿಲಕ ಹಾಕ್ಕೊಂಡು ಒಳಗೇ ಇರಬಾರದಿತ್ತಾ ಮೇಡಂ?” ಎಂದು ಮುಂದಿನ ಬೆಂಚಿನವಳು ಕೇಳಿದಳು. ಹಾಗೆ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಅದು ಬರೀ ಜಾಲರಿ ಬಾಗಿಲು ಕಣಮ್ಮ, ಅಂದೆ.

ಬಿಗಿಜಡೆಯವಳು ಪುಸ್ತಕದಿಂದ ತಲೆ ಎತ್ತಲಿಲ್ಲ. “ಬೆಳಿಗ್ಗೆಯಿಂದ ಅಮ್ಮನ ಮೇಲೆ ಉರೀತಿದ್ದಳಲ್ಲ ಮೇಡಂ. ಫೋನ್ ಎತ್ತಿದಾಗ ನಂಬರ್ ತಿರುಗಿಸೋಕೂ ಆಗದೆ ಕಿರುಚಿದ್ದು ಅಮ್ಮನ್ನೇ ಕರೆದು.”