ಎಲ್ಲೂ ಜಾಗ ಸಿಗದವರ ಆಸ್ಪತ್ರೆ

ಅಮೆರಿಕದ ಡೆನ್ವರ್ ನಗರದಲ್ಲಿ 1893ರ ಹೊತ್ತಿಗೆ ಹೊಸ ಆಸ್ಪತ್ರೆಯೊಂದರ ಕಟ್ಟಡ ಎದ್ದು ನಿಂತಿತ್ತು. ಬಡ ಕ್ಷಯರೋಗಿಗಳಿಗೆಂದು ಅಲ್ಲಿನ ಯಹೂದಿ ಸಮಾಜ ಅದನ್ನು ಕಟ್ಟಿಸಿತ್ತು. ಅದೇ ವರ್ಷ ಬೆಳ್ಳಿಯ ಬೆಲೆ ಕುಸಿಯಿತು. ಗಣಿಗಳನ್ನೇ ನೆಚ್ಚಿಕೊಂಡಿದ್ದ ಕೊಲೊರಾಡೊ ರಾಜ್ಯ ನೆಲ ಕಚ್ಚಿತು. ಬ್ಯಾಂಕುಗಳು ಮುಚ್ಚಿದವು, ದಾನಿಗಳ ಕೈ ಬರಿದಾಯಿತು. ಕಟ್ಟಡ ಆರು ವರ್ಷ ರೋಗಿಗಳಿಲ್ಲದೆ ಖಾಲಿ ಬಿದ್ದಿತ್ತು. ಊರಿನಲ್ಲಿ ಮಾತ್ರ ರಕ್ತ ಕೆಮ್ಮುವವರಿಗೆ ಕೊರತೆ ಇರಲಿಲ್ಲ.

ಕ್ಷಯಕ್ಕೆ ಕಾರಣವಾದ ರೋಗಾಣುವನ್ನು ರಾಬರ್ಟ್ ಕೋಖ್ 1882ರಲ್ಲೇ ಗುರುತಿಸಿದ್ದರು. ಆದರೆ ಅದನ್ನು ಕೊಲ್ಲುವ ಔಷಧಿ ಇರಲಿಲ್ಲ. ವೈದ್ಯರಿಗೆ ತೋಚುತ್ತಿದ್ದದ್ದು ಒಣಹವೆ, ಬಿಸಿಲು, ವಿಶ್ರಾಂತಿ, ಹೊಟ್ಟೆ ತುಂಬ ಊಟ, ಇಷ್ಟೇ. ಸಮುದ್ರಮಟ್ಟದಿಂದ 5,280 ಅಡಿ ಎತ್ತರದಲ್ಲಿರುವ ಡೆನ್ವರ್‌ನ ಗಾಳಿ ಶ್ವಾಸಕೋಶಕ್ಕೆ ಒಳ್ಳೆಯದೆಂಬ ನಂಬಿಕೆ ದೇಶವೆಲ್ಲ ಹಬ್ಬಿತ್ತು. ಹಣವಿದ್ದವರು ಬಂದು ಹೋಟೆಲು, ಬಾಡಿಗೆ ಮನೆಗಳಲ್ಲಿ ಉಳಿದರು. ಹಣವಿಲ್ಲದವರು ಹೇಗೋ ರೈಲು ಹತ್ತಿ ಬಂದಿಳಿದು ಬೀದಿಪಾಲಾದರು. ಅಂಥವರನ್ನು ಕಂಡು ಮರುಗಿ, ಆಸ್ಪತ್ರೆ ಬೇಕೇ ಬೇಕೆಂದು ಮೊದಲು ಹಟ ಹಿಡಿದವರು ಫ್ರಾನ್ಸೆಸ್ ಜೇಕಬ್ಸ್ ಎಂಬ ಸಮಾಜಸೇವಕಿ. ಕಟ್ಟಡ ಮುಗಿಯುವ ಮೊದಲೇ, 1892ರಲ್ಲಿ, ಅವರು ತೀರಿಕೊಂಡರು.

ಬ್‌ನೈ ಬ್ರಿತ್ ಎಂಬ ಯಹೂದಿ ಸಂಘ ಖರ್ಚಿನ ಹೊಣೆ ಹೊತ್ತ ಮೇಲೆ, 1899ರ ಡಿಸೆಂಬರಿನಲ್ಲಿ ನ್ಯಾಷನಲ್ ಜ್ಯೂಯಿಷ್ ಆಸ್ಪತ್ರೆ ಬಾಗಿಲು ತೆರೆಯಿತು. ಯಾವ ಧರ್ಮದವರಾದರೂ ಸೇರಬಹುದಿತ್ತು. ಚಿಕಿತ್ಸೆಗೆ ಒಂದು ಕಾಸೂ ಕೊಡಬೇಕಿರಲಿಲ್ಲ. ಆ ಕಾಲಕ್ಕೆ ಅದು ದೊಡ್ಡ ಮಾತು. ಆದರೂ ನಿಯಮಗಳಿದ್ದವು. ರೋಗ ಆರಂಭದ ಹಂತದಲ್ಲಿದ್ದವರಿಗಷ್ಟೇ ಪ್ರವೇಶ, ಅದೂ ಆರು ತಿಂಗಳ ಮಟ್ಟಿಗೆ. ಇರುವ ಕೆಲವೇ ಹಾಸಿಗೆಗಳು ಗುಣವಾಗಬಲ್ಲವರಿಗೆ ಸಿಗಲಿ ಎಂಬುದು ಆಡಳಿತದ ಲೆಕ್ಕ. ತಪ್ಪೆನ್ನುವಂತಿಲ್ಲ. ಆದರೆ ರೋಗ ಬಲಿತವರು ಎಲ್ಲಿಗೆ ಹೋಗಬೇಕು?

ಈ ಪ್ರಶ್ನೆಯನ್ನು ಎತ್ತಿಕೊಂಡವರು ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದ ಯಹೂದಿಗಳು. ಆಸ್ಪತ್ರೆ ನಡೆಸುತ್ತಿದ್ದವರು ಬಹುಪಾಲು ಜರ್ಮನ್ ಮೂಲದ, ಅಮೆರಿಕದಲ್ಲಿ ಆಗಲೇ ನೆಲೆಯೂರಿದ್ದ ಯಹೂದಿಗಳು. ಹೊಸದಾಗಿ ಬಂದವರು ಯಿಡ್ಡಿಷ್ ಮಾತಾಡುವವರು, ಹೊಲಿಗೆ ಕಾರ್ಖಾನೆಗಳ ಇಕ್ಕಟ್ಟಿನಲ್ಲಿ ದುಡಿದು ಕ್ಷಯ ಹತ್ತಿಸಿಕೊಂಡವರು. ಮಾಂಸ ಮತ್ತು ಹಾಲನ್ನು ಬೆರೆಸದ, ಶಾಸ್ತ್ರಕ್ಕೆ ತಕ್ಕ ಊಟ ಅವರಲ್ಲಿ ಅನೇಕರಿಗೆ ಪ್ರಾಣದಷ್ಟೇ ಮುಖ್ಯ. ಅದು ಆ ಆಸ್ಪತ್ರೆಯ ಅಡುಗೆಮನೆಯಲ್ಲಿ ಆರಂಭದ ವರ್ಷಗಳಲ್ಲಿ ಸಿಗುತ್ತಿರಲಿಲ್ಲ.

ಹೊಸಬರ ಮುಂದಾಳುಗಳಲ್ಲಿ ಮುಖ್ಯರಾದವರು ಡಾ. ಚಾರ್ಲ್ಸ್ ಸ್ಪಿವಾಕ್. ಇಂದಿನ ಉಕ್ರೇನಿನ ಕ್ರೆಮೆನ್ಚುಕ್‌ನಲ್ಲಿ 1861ರಲ್ಲಿ ಹುಟ್ಟಿದ ಅವರು ಯೌವನದಲ್ಲಿ ಕ್ರಾಂತಿಕಾರಿ ಚಟುವಟಿಕೆಗೆ ಇಳಿದು, 1882ರಲ್ಲಿ ದೇಶ ಬಿಟ್ಟು ಅಮೆರಿಕ ಸೇರಿದರು. ಕೂಲಿ ಮಾಡಿದರು, ಗಿರಣಿಯಲ್ಲಿ ದುಡಿದರು. ಛಲ ಬಿಡದೆ ಓದಿ 1890ರಲ್ಲಿ ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಿಂದ ಡಾಕ್ಟರಾಗಿ ಹೊರಬಂದರು. ಹೆಂಡತಿಯ ಆರೋಗ್ಯ ಕೆಟ್ಟಿದ್ದರಿಂದ 1896ರಲ್ಲಿ ಸಂಸಾರ ಡೆನ್ವರ್‌ಗೆ ಬಂತು. ಕಾಯಿಲೆಯ ಮನೆಯ ಕಷ್ಟವೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸ್ಪಿವಾಕ್ ಮತ್ತು ಲಿಥುವೇನಿಯಾ ಮೂಲದ ಡಾ. ಫಿಲಿಪ್ ಹಿಲ್ಕೊವಿಟ್ಸ್ ಅವರ ಜೊತೆ ಕೈಜೋಡಿಸಿದವರು ಸಿರಿವಂತರಲ್ಲ. ಕುಶಲಕರ್ಮಿಗಳು, ಸಣ್ಣ ವ್ಯಾಪಾರಿಗಳು. ಕೆಲವರು ಸ್ವತಃ ಕ್ಷಯರೋಗಿಗಳು. 1904ರಲ್ಲಿ ಅವರು ‘ಜ್ಯೂಯಿಷ್ ಕನ್ಸಂಪ್ಟಿವ್ಸ್ ರಿಲೀಫ್ ಸೊಸೈಟಿ’ ಕಟ್ಟಿದರು. ನಗರದ ಪಶ್ಚಿಮಕ್ಕೆ, ಕೋಲ್‌ಫ್ಯಾಕ್ಸ್ ರಸ್ತೆಯ ಪಕ್ಕ ಜಮೀನು ಕೊಂಡು, ಮರದ ಚೌಕಟ್ಟಿಗೆ ಕ್ಯಾನ್ವಾಸ್ ಹೊದಿಸಿದ ಡೇರೆ-ಮನೆಗಳನ್ನು ನಿಲ್ಲಿಸಿದರು. ಸೆಪ್ಟೆಂಬರಿನಲ್ಲಿ ಮೊದಲ ರೋಗಿಗಳು ಬಂದರು. ಇಲ್ಲಿ ಯಾವ ಹಂತದ ರೋಗಿಗೂ ಪ್ರವೇಶವಿತ್ತು. ಬದುಕುವ ಭರವಸೆ ಇಲ್ಲದವರಿಗೂ ಇತ್ತು.

ಸಾಯುವವರನ್ನು ಸೇರಿಸಿಕೊಂಡರೆ ಹಣ ಪೋಲು ಎಂದು ಟೀಕಿಸಿದವರಿದ್ದರು. ಊರು ರೋಗಿಗಳಿಂದ ತುಂಬಿಹೋಗುತ್ತದೆ, ಯಹೂದಿಗಳಿಗೆ ಕೆಟ್ಟ ಹೆಸರು ಬರುತ್ತದೆ ಎಂದು ಅಂಜಿದವರೂ ಇದ್ದರು. ಕ್ಷಯವನ್ನು ಯಹೂದಿ ದರ್ಜಿಗಳ ರೋಗವೆಂದು ಜರೆಯುತ್ತಿದ್ದ ಕಾಲ ಅದು. ನಿಜಕ್ಕೂ ಅಂದಿನ ಮರಣದ ಲೆಕ್ಕ ನೋಡಿದರೆ ಯಹೂದಿಗಳಲ್ಲಿ ಕ್ಷಯದ ಸಾವು ನೆರೆಹೊರೆಯವರಿಗಿಂತ ಕಡಿಮೆಯೇ ಇತ್ತು. ಸ್ಪಿವಾಕ್ ಬಳಗ ಟೀಕೆಗೆ ಜಗ್ಗಲಿಲ್ಲ. ಒಂದು ಜೀವ ಉಳಿಸಿದವನು ಇಡೀ ಲೋಕವನ್ನು ಉಳಿಸಿದಂತೆ ಎಂಬ ತಮ್ಮ ಧರ್ಮಶಾಸ್ತ್ರದ ಮಾತನ್ನೇ ಸಂಸ್ಥೆಯ ಧ್ಯೇಯವಾಗಿ ಇಟ್ಟುಕೊಂಡರು.

ಚಿಕಿತ್ಸೆಯೆಂದರೆ ತೆರೆದ ಗಾಳಿಯಲ್ಲಿ ಮಲಗುವುದು ಮತ್ತು ಚೆನ್ನಾಗಿ ಉಣ್ಣುವುದು. ಹಾಲು, ಮೊಟ್ಟೆ ಧಾರಾಳವಾಗಿ ಕೊಡುತ್ತಿದ್ದರು; ಅದಕ್ಕೆ ಸ್ವಂತ ಡೈರಿ, ಕೋಳಿ ಸಾಕಣೆ ಇತ್ತು. ಗ್ರಂಥಾಲಯವಿತ್ತು, ಮುಂದೆ ಪ್ರಾರ್ಥನಾ ಮಂದಿರವೂ ಬಂತು. ಕ್ಯಾಂಪಸ್ಸಿಗೆ ತನ್ನದೇ ಅಂಚೆ ಕಚೇರಿ ಆಗಿ, ಆ ಜಾಗಕ್ಕೆ ಸ್ಪಿವಾಕ್ ಎಂದೇ ಹೆಸರು ಬಂತು. ದೇಶದ ಮೂಲೆಮೂಲೆಯ ಕಾರ್ಮಿಕರು, ಮಹಿಳಾ ಮಂಡಳಿಗಳು ಕಳಿಸುತ್ತಿದ್ದ ಪುಡಿಗಾಸಿನ ಮೇಲೆ ಇದೆಲ್ಲ ನಡೆಯಿತು. ಹಾಗೆ ಚಂದಾ ಎತ್ತಲು ಊರೂರು ಸುತ್ತಿದವರಲ್ಲಿ ಕ್ಷಯದಿಂದಲೇ ಡೆನ್ವರ್‌ಗೆ ಬಂದಿದ್ದ ಯಿಡ್ಡಿಷ್ ಕವಿ ಯೆಹೋಆಶ್ ಕೂಡ ಒಬ್ಬರು. ಅವರೂ ಸ್ಪಿವಾಕರೂ ಸೇರಿ 1911ರಲ್ಲಿ ಒಂದು ಯಿಡ್ಡಿಷ್ ನಿಘಂಟನ್ನೂ ಹೊರತಂದರು. ಮುಂದೆ 1930ರ ದಶಕದಲ್ಲಿ ಇದೇ ಆವರಣದಲ್ಲಿ ಚಿಕಿತ್ಸೆ ಪಡೆದ ಕವಿ ಎಚ್. ಲೇವಿಕ್, ಸ್ಯಾನಟೋರಿಯಂ ಬದುಕನ್ನೇ ಕಾವ್ಯವಾಗಿಸಿದರು.

ಸ್ಪಿವಾಕ್ 1927ರಲ್ಲಿ ತೀರಿಕೊಂಡರು. ತಮ್ಮ ದೇಹವನ್ನು ವೈದ್ಯಕೀಯ ಕಾಲೇಜಿಗೆ ಕೊಡಬೇಕು, ಯಹೂದಿ ಮತ್ತು ಯಹೂದಿಯೇತರ ವಿದ್ಯಾರ್ಥಿಗಳು ಸಮ ಸಂಖ್ಯೆಯಲ್ಲಿ ಅದನ್ನು ಕೊಯ್ದು ಕಲಿಯಬೇಕು, ಅಸ್ಥಿಪಂಜರವನ್ನು ಜೆರುಸಲೇಮಿನ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು ಎಂದು ಉಯಿಲು ಬರೆದಿಟ್ಟಿದ್ದರು. ಹಿಲ್ಕೊವಿಟ್ಸ್ 1948ರವರೆಗೂ ಸಂಸ್ಥೆಯ ಅಧ್ಯಕ್ಷರಾಗಿದ್ದರು. ಅರ್ಧ ಶತಮಾನದಲ್ಲಿ ಸುಮಾರು 10,000 ರೋಗಿಗಳು ಅಲ್ಲಿ ಆಶ್ರಯ ಪಡೆದರು.

ಅಷ್ಟರಲ್ಲಿ ಔಷಧಿ ಬಂದಿತ್ತು. ಉಕ್ರೇನಿನಿಂದ ವಲಸೆ ಬಂದ ಇನ್ನೊಬ್ಬ ಯಹೂದಿ, ಸೂಕ್ಷ್ಮಾಣು ವಿಜ್ಞಾನಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ, ವಿದ್ಯಾರ್ಥಿ ಆಲ್ಬರ್ಟ್ ಷಾಟ್ಸ್ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದರು. ಮನೆಯಲ್ಲೇ ಇದ್ದು ಔಷಧಿ ನುಂಗಿದರೂ ಸ್ಯಾನಟೋರಿಯಂನಷ್ಟೇ ಗುಣ ಕಾಣುತ್ತದೆಂದು 1959ರಲ್ಲಿ ತೋರಿಸಿಕೊಟ್ಟದ್ದು ನಮ್ಮ ಮದ್ರಾಸಿನ ಅಧ್ಯಯನ. ಡೆನ್ವರ್‌ನ ಸೊಸೈಟಿ 1954ರಲ್ಲೇ ಕ್ಯಾನ್ಸರ್ ಕೆಲಸಕ್ಕೆ ತಿರುಗಿತ್ತು. ನ್ಯಾಷನಲ್ ಜ್ಯೂಯಿಷ್ ಇಂದಿಗೂ ಶ್ವಾಸಕೋಶದ ರೋಗಗಳಿಗೆ ಹೆಸರಾದ ಆಸ್ಪತ್ರೆ.

ಔಷಧಿ ಬಂದ ಮೇಲೆ ಊಟದ ಮಾತು ಹಿಂದೆ ಸರಿಯಿತು. ಅದನ್ನು ಮತ್ತೆ ಮುಂದೆ ತಂದವರಲ್ಲಿ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಇದ್ದಾರೆ. ಜಾರ್ಖಂಡ್‌ನಲ್ಲಿ ಕ್ಷಯರೋಗಿಗಳ ಮನೆಮಂದಿಗೆ ತಿಂಗಳು ತಿಂಗಳು ಪೌಷ್ಟಿಕ ಪಡಿತರ ಕೊಟ್ಟಾಗ, ಆ ಮನೆಗಳಲ್ಲಿ ಹೊಸದಾಗಿ ಕ್ಷಯ ತಗಲುವುದು ಶೇ 39ರಷ್ಟು ಇಳಿದದ್ದನ್ನು ಅವರ ತಂಡ 2023ರಲ್ಲಿ ಪ್ರಕಟಿಸಿತು. ಹೊಟ್ಟೆ ತುಂಬಿಸುವುದೂ ಚಿಕಿತ್ಸೆಯೇ ಎಂದು ಡೇರೆಗಳಲ್ಲಿ ನಂಬಿ ನಡೆದವರು ದಾರಿ ತಪ್ಪಿರಲಿಲ್ಲ.

ಜಗತ್ತಿನಲ್ಲಿ ಅತಿ ಹೆಚ್ಚು ಕ್ಷಯರೋಗಿಗಳಿರುವ ದೇಶ ಇಂದು ಭಾರತ. ಪರೀಕ್ಷೆ, ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಎರಡು ವಾರ ದಾಟಿದ ಕೆಮ್ಮನ್ನು ಯಾರೂ ಉದಾಸೀನ ಮಾಡಬಾರದು. ಕೈಲಾದವರು ‘ನಿಕ್ಷಯ ಮಿತ್ರ’ ಯೋಜನೆಯಲ್ಲಿ ಹೆಸರು ನೋಂದಾಯಿಸಿ, ಒಬ್ಬ ರೋಗಿಯ ಆಹಾರದ ಕಿಟ್‌ನ ಹೊಣೆ ಹೊರಬಹುದು. ಅದಕ್ಕೆ ಸಿರಿವಂತರೇ ಆಗಿರಬೇಕಿಲ್ಲ.