ಭತ್ತದ ಹುಲ್ಲಿಗೆ ಯೂರಿಯಾ ಉಪಚಾರ

ಶ್ರೀರಾಮನಗರದ ಸುತ್ತಮುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ರೈತ ಬಾಂಧವರಿಗೆ ಹುಲ್ಲಿನ ಕೊರತೆಯಿಲ್ಲ. ಕೊರತೆ ಇರುವುದು ಹುಲ್ಲಿನ ಸತ್ವದಲ್ಲಿ. ಹೊಟ್ಟೆ ತುಂಬ ಬರೀ ಹುಲ್ಲು ತಿಂದ ರಾಸು ಬಡಕಲಾಗಿಯೇ ಉಳಿಯುತ್ತದೆ. ಒಂದು ಕಡೆ ಹಿಂಡಿಗೆ ಹಣ ಸುರಿಯುತ್ತೇವೆ, ಇನ್ನೊಂದು ಕಡೆ ಗದ್ದೆಯಲ್ಲಿ ಉಳಿದ ಹುಲ್ಲಿಗೆ ಬೆಂಕಿ ಹಚ್ಚುತ್ತೇವೆ. ಗೊಬ್ಬರಕ್ಕೆ ತಂದ ಯೂರಿಯಾದಿಂದಲೇ ಈ ಹುಲ್ಲನ್ನು ಉತ್ತಮ ಮೇವಾಗಿ ಮಾಡಿಕೊಳ್ಳಬಹುದು.

ಹುಲ್ಲಿನಲ್ಲಿ ಅಡಗಿದ ಸಕ್ಕರೆ

ಭತ್ತದ ಹುಲ್ಲಿನ ಸುಮಾರು ಮೂರನೆಯ ಒಂದು ಪಾಲು ಸೆಲ್ಯುಲೋಸ್. ಇದು ಗ್ಲೂಕೋಸ್ ಸಕ್ಕರೆಯ ಕಣಗಳನ್ನು ಸರಪಳಿಯಂತೆ ಜೋಡಿಸಿದ ನಾರು. ದನದ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ತಮ್ಮ ಕಿಣ್ವಗಳಿಂದ ಈ ಸರಪಳಿಯನ್ನು ಕತ್ತರಿಸಿ ಸಕ್ಕರೆಯನ್ನು ಬಿಡಿಸುತ್ತವೆ. ಆದರೆ ಲಿಗ್ನಿನ್ ಎಂಬ ಗಟ್ಟಿ ವಸ್ತು ಮತ್ತು ಮರಳಿನ ಅಂಶವಾದ ಸಿಲಿಕಾ ನಾರಿಗೆ ಬೇಲಿ ಹಾಕಿದಂತೆ ಇರುವುದರಿಂದ ಕಿಣ್ವಗಳು ಒಳಹೋಗಲಾರವು.

ಕ್ಷಾರವು ಈ ಬೇಲಿಯನ್ನು ಸಡಿಲಿಸುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಬೆಕ್‌ಮನ್ ಎಂಬ ವಿಜ್ಞಾನಿ ಹುಲ್ಲನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ತೊಳೆಯುವ ಕ್ರಮ ರೂಪಿಸಿದನು. ಅದಕ್ಕೆ ನೀರು ಬಹಳ ಬೇಕು, ತೊಳೆಯುವಾಗ ಸತ್ವವೂ ಹರಿದುಹೋಗುತ್ತದೆ. ಯೂರಿಯಾ ಉಪಚಾರದಲ್ಲಿ ತೊಳೆಯುವ ಕೆಲಸವಿಲ್ಲ. ಒದ್ದೆ ಹುಲ್ಲಿನಲ್ಲಿ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಆ ಕ್ಷಾರದಿಂದ ನಾರು ಉಬ್ಬಿ ಮೆದುವಾಗುತ್ತದೆ. ಶೇ. 3–4 ರಷ್ಟಿದ್ದ ಕಚ್ಚಾ ಸಸಾರಜನಕವೂ ಶೇ. 7–8 ರವರೆಗೆ ಏರುತ್ತದೆ.

ಮಾಡುವ ವಿಧಾನ (100 ಕಿ.ಗ್ರಾಂ ಒಣಹುಲ್ಲಿಗೆ)

1. 4 ಕಿ.ಗ್ರಾಂ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ. ಅಳತೆ ತಪ್ಪಬಾರದು.
2. ಗಟ್ಟಿ ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಹುಲ್ಲನ್ನು ತೆಳುವಾಗಿ ಹರಡಿ.
3. ಪ್ರತಿ ಪದರಕ್ಕೂ ದ್ರಾವಣವನ್ನು ಸಮನಾಗಿ ಚಿಮುಕಿಸಿ, ಚೆನ್ನಾಗಿ ತುಳಿದು ಮುಂದಿನ ಪದರ ಹಾಕಿ.
4. ಗಾಳಿಯಾಡದಂತೆ ಹಾಳೆ ಮುಚ್ಚಿ, ಅಂಚುಗಳಿಗೆ ಮಣ್ಣು ಮೆತ್ತಿ. 21 ದಿನ ತೆರೆಯಬೇಡಿ.

ಬಣವೆ ತೆರೆದಾಗ ಘಾಟು ವಾಸನೆ ಬಂದರೆ, ಹುಲ್ಲು ಕಂದು ಹಳದಿಯಾಗಿ ಮೆದುವಾಗಿದ್ದರೆ ಉಪಚಾರ ಸರಿಯಾಗಿದೆ. ಬೂಷ್ಟು ಹಿಡಿದ ಭಾಗವನ್ನು ತಿಪ್ಪೆಗೆ ಹಾಕಿ. ಆಯಾ ದಿನಕ್ಕೆ ಬೇಕಾದಷ್ಟನ್ನೇ ತೆಗೆದು, ಘಾಟು ಇಳಿಯುವವರೆಗೆ ಒಂದೆರಡು ಗಂಟೆ ಗಾಳಿಗೆ ಹರಡಿ. ಮೊದಲು ಸಾದಾ ಹುಲ್ಲಿನೊಡನೆ ಸ್ವಲ್ಪ ಸ್ವಲ್ಪ ಬೆರೆಸಿ, ಒಂದು ವಾರದಲ್ಲಿ ಪೂರ್ತಿ ರೂಢಿ ಮಾಡಿಸಿ.

ಎಚ್ಚರಿಕೆ

ಯೂರಿಯಾ ನೀರು ದನಕ್ಕೆ ವಿಷ. ದ್ರಾವಣದ ಬಕೆಟ್ಟನ್ನು ಕೊಟ್ಟಿಗೆಯ ಹತ್ತಿರ ಇಡಬೇಡಿ. 21 ದಿನ ಮುಚ್ಚಿಡದೆ, ಯೂರಿಯಾ ಚಿಮುಕಿಸಿದ ಕೂಡಲೇ ಹುಲ್ಲನ್ನು ತಿನ್ನಿಸಲೇಬೇಡಿ. ದ್ರಾವಣಕ್ಕೆ ಬೆಲ್ಲ ಅಥವಾ ಕಾಕಂಬಿ ಬೆರೆಸಬಾರದು. ಆರು ತಿಂಗಳೊಳಗಿನ ಕರುಗಳಿಗೆ, ಕುದುರೆ ಕತ್ತೆಗಳಿಗೆ ಈ ಮೇವು ಸಲ್ಲದು. ರಾಸು ಜೊಲ್ಲು ಸುರಿಸಿ ನಡುಗಿದರೆ, ಹೊಟ್ಟೆ ಉಬ್ಬಿದರೆ ತಡಮಾಡದೆ ಪಶುವೈದ್ಯರನ್ನು ಕರೆಸಿ.

ಯಾರಿಗೆ ಲಾಭ?

ಹಸಿರು ಮೇವು ಅಥವಾ ಒಳ್ಳೆಯ ಜೋಳದ ಕಣಿಕೆ ಸಾಕಷ್ಟಿರುವವರಿಗೆ ಈ ಖರ್ಚು ಬೇಕಿಲ್ಲ. ಭತ್ತದ ಹುಲ್ಲನ್ನೇ ನೆಚ್ಚಿದವರಿಗೆ, ಅದರಲ್ಲೂ ಬೇಸಿಗೆಯಲ್ಲಿ, ಇದು ನೆರವಾಗುತ್ತದೆ. ಹೆಚ್ಚು ಹಾಲು ಕೊಡುವ ಹಸುವಿಗೆ ಇದರ ಜೊತೆಗೆ ಹಿಂಡಿ, ಖನಿಜ ಮಿಶ್ರಣವೂ ಬೇಕೇ ಬೇಕು. ಈ ಸುಗ್ಗಿಯಲ್ಲಿ 100 ಕಿ.ಗ್ರಾಂ ಹುಲ್ಲಿಗೆ ಮಾತ್ರ ಉಪಚಾರ ಮಾಡಿ ನೋಡಿ. ನಿಮ್ಮ ರಾಸು ಗೋದಲಿಯಲ್ಲಿ ಎಷ್ಟು ಹುಲ್ಲು ಉಳಿಸುತ್ತದೆ ಎಂಬುದನ್ನು ಗಮನಿಸಿ, ಮುಂದಿನದನ್ನು ನೀವೇ ನಿರ್ಧರಿಸಿ.