ಪದವೀಧರರ ನೇಮಕಕ್ಕೆ ಸರ್ಕಾರದ ವೇತನ ಸಹಾಯ: ಸಣ್ಣ ಬೆಳೆಗಾರನ ಲೆಕ್ಕ



ಈಚೆಗೆ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ ಅನೇಕರು ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. "ಓದಿದ ಹುಡುಗರನ್ನು ಕೆಲಸಕ್ಕೆ ಇಟ್ಟುಕೊಂಡರೆ ಸಂಬಳದಲ್ಲಿ ಒಂದು ಪಾಲನ್ನು ಸರ್ಕಾರವೇ ಕೊಡುತ್ತದಂತಲ್ಲ, ನಮಗೂ ಸಿಗುತ್ತದೆಯೇ?" ಪ್ರಶ್ನೆ ಸಹಜವಾದುದೇ. ಚಂದಕವಾಡಿ ಹೋಬಳಿಯಲ್ಲಿ ಬಿ.ಎ., ಬಿ.ಕಾಂ., ಡಿಪ್ಲೊಮಾ ಮುಗಿಸಿದ ಮಕ್ಕಳಿಲ್ಲದ ಊರು ಈಗ ಇಲ್ಲ. ಅವರಲ್ಲಿ ಹಲವರು ನಂಜನಗೂಡು, ಮೈಸೂರು, ಬೆಂಗಳೂರುಗಳ ದಾರಿ ಹಿಡಿಯುತ್ತಾರೆ. ಉಳಿದವರು ಅರ್ಜಿ ಹಾಕುತ್ತಾ ಮನೆಯಲ್ಲಿರುತ್ತಾರೆ. ಇತ್ತ ಸಂಘದಲ್ಲಾಗಲಿ ತೋಟದಲ್ಲಾಗಲಿ ಲೆಕ್ಕಪತ್ರ, ಕಂಪ್ಯೂಟರ್, ಸರ್ಕಾರಿ ಅರ್ಜಿಗಳ ಕೆಲಸಕ್ಕೆ ಜನವಿಲ್ಲ. ಈ ಎರಡನ್ನೂ ಸೇರಿಸಲು ಸರ್ಕಾರದ ಹಣ ಎಷ್ಟರ ಮಟ್ಟಿಗೆ ನೆರವಾದೀತು ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಿದ್ದೇವೆ.

ಸರ್ಕಾರ ಏಕೆ ಕೊಡುತ್ತದೆ?

ಹೊಸದಾಗಿ ಪದವಿ ಪಡೆದವನಿಗೆ ಕೆಲಸ ಗೊತ್ತಿರುವುದಿಲ್ಲ. ಕಲಿಸಲು ಆರು ತಿಂಗಳೋ ಒಂದು ವರ್ಷವೋ ಹಿಡಿಯುತ್ತದೆ. ಆ ಅವಧಿಯಲ್ಲಿ ಅವನಿಂದ ಬರುವ ಆದಾಯಕ್ಕಿಂತ ಕೊಡುವ ಸಂಬಳವೇ ಹೆಚ್ಚು. ದೊಡ್ಡ ಕಂಪನಿ ಈ ನಷ್ಟವನ್ನು ತಾಳಿಕೊಳ್ಳುತ್ತದೆ. ಸಣ್ಣ ವ್ಯಾಪಾರಿ ತಾಳಲಾರ. ಆದ್ದರಿಂದ ಕಲಿಕೆಯ ಕಾಲದ ಖರ್ಚಿನಲ್ಲಿ ಒಂದು ಪಾಲನ್ನು ಸರ್ಕಾರ ಹೊರುತ್ತದೆ. ಇದು ನಮ್ಮ ದೇಶದಲ್ಲಿ ಮಾತ್ರ ಇರುವ ಪದ್ಧತಿಯಲ್ಲ. ಕೋವಿಡ್ ಕಾಲದಲ್ಲಿ, 2020ರಲ್ಲಿ, ಬ್ರಿಟನ್ ಸರ್ಕಾರವು 16ರಿಂದ 24 ವರ್ಷದ ನಿರುದ್ಯೋಗಿಗಳನ್ನು ಕೆಲಸಕ್ಕೆ ತೆಗೆದುಕೊಂಡ ಮಾಲೀಕರಿಗೆ ಆರು ತಿಂಗಳ ಕಾಲ, ವಾರಕ್ಕೆ 25 ಗಂಟೆಗಳ ಕನಿಷ್ಠ ವೇತನವನ್ನು ಪೂರ್ತಿಯಾಗಿ ಭರಿಸಿತು.

ನಮ್ಮ ರಾಜ್ಯದಲ್ಲಿ ದೇವರಾಜ ಅರಸು ಅವರ ಸರ್ಕಾರ 1970ರ ದಶಕದಲ್ಲಿ ನಿರುದ್ಯೋಗಿ ಪದವೀಧರರಿಗಾಗಿ ಸ್ಟೈಪೆಂಡರಿ ಯೋಜನೆಯನ್ನು ತಂದದ್ದು ಹಿರಿಯ ಸದಸ್ಯರಿಗೆ ನೆನಪಿರಬಹುದು. ಅದರಲ್ಲಿ ಸೇರಿದವರು ಮುಂದೆ ಸರ್ಕಾರಿ ಕೆಲಸದಲ್ಲೇ ಖಾಯಂ ಆದರು. ಈಗಿನ ಯೋಜನೆಗಳ ಸ್ವರೂಪ ಬೇರೆ. ಇಲ್ಲಿ ಕೆಲಸ ಕೊಡುವವನು ಖಾಸಗಿ ಮಾಲೀಕ ಅಥವಾ ಸಂಘ. ಸರ್ಕಾರದ್ದು ಕೆಲವು ಕಾಲದ ನೆರವು ಮಾತ್ರ. ಆ ಕಾಲ ಮುಗಿದ ಮೇಲೆ ಸಂಬಳ ಯಾರ ಜೇಬಿನಿಂದ ಎಂಬ ಪ್ರಶ್ನೆಯನ್ನು ನೇಮಕಕ್ಕೆ ಮೊದಲೇ ಕೇಳಿಕೊಳ್ಳಬೇಕು.

ಭವಿಷ್ಯನಿಧಿಯ ಮೂಲಕ ಬರುವ ಸಹಾಯ

ಈಗ ಹೆಚ್ಚು ಪ್ರಚಾರದಲ್ಲಿರುವುದು ಪ್ರಧಾನ ಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆ. ಕೇಂದ್ರ ಸಚಿವ ಸಂಪುಟ ಇದಕ್ಕೆ 2025ರ ಜುಲೈ 1ರಂದು ಒಪ್ಪಿಗೆ ಕೊಟ್ಟಿತು. 2025ರ ಆಗಸ್ಟ್ 1ರಿಂದ 2027ರ ಜುಲೈ 31ರ ಒಳಗೆ ಆಗುವ ನೇಮಕಗಳಿಗೆ ಇದು ಅನ್ವಯಿಸುತ್ತದೆ. ಪದವಿ ಆಗಿರಲೇಬೇಕೆಂಬ ನಿಯಮ ಇದರಲ್ಲಿಲ್ಲ.

ಯೋಜನೆಗೆ ಎರಡು ಭಾಗಗಳಿವೆ. ಮೊದಲನೆಯದು ನೌಕರನಿಗೆ. ಮೊದಲ ಬಾರಿಗೆ ಭವಿಷ್ಯನಿಧಿಗೆ ಸೇರಿದವನಿಗೆ ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತಿನಲ್ಲಿ ದೊರೆಯುತ್ತದೆ. ಮೊದಲ ಕಂತು ಆರು ತಿಂಗಳ ಸೇವೆಯ ಬಳಿಕ, ಎರಡನೆಯದು ಹನ್ನೆರಡು ತಿಂಗಳ ಬಳಿಕ. ಎರಡನೆಯ ಭಾಗ ಮಾಲೀಕನಿಗೆ. ಹೊಸದಾಗಿ ಸೇರಿಸಿಕೊಂಡು ಕನಿಷ್ಠ ಆರು ತಿಂಗಳು ಉಳಿಸಿಕೊಂಡ ಪ್ರತಿ ನೌಕರನ ಲೆಕ್ಕದಲ್ಲಿ ಎರಡು ವರ್ಷ ಕಾಲ ತಿಂಗಳಿಗೆ ಇಂತಿಷ್ಟು ಎಂದು ಕೊಡುತ್ತಾರೆ: ವೇತನ 10,000 ರೂಪಾಯಿವರೆಗೆ ಇದ್ದರೆ ಅದಕ್ಕೆ ತಕ್ಕಂತೆ ಗರಿಷ್ಠ 1,000, 20,000ದವರೆಗೆ ಇದ್ದರೆ 2,000, ಅದಕ್ಕೂ ಮೇಲೆ ಒಂದು ಲಕ್ಷದವರೆಗೆ 3,000 ರೂಪಾಯಿ. ತಯಾರಿಕಾ ಕ್ಷೇತ್ರಕ್ಕೆ ಇನ್ನೂ ಎರಡು ವರ್ಷ ವಿಸ್ತರಣೆ ಇದೆ.

ಇನ್ನು ಷರತ್ತುಗಳು. ಸಂಸ್ಥೆಯು ಭವಿಷ್ಯನಿಧಿಯಲ್ಲಿ ನೋಂದಣಿಯಾಗಿರಬೇಕು. 50ಕ್ಕಿಂತ ಕಡಿಮೆ ನೌಕರರಿದ್ದರೆ ಕನಿಷ್ಠ ಇಬ್ಬರನ್ನು, 50 ಅಥವಾ ಹೆಚ್ಚು ಇದ್ದರೆ ಕನಿಷ್ಠ ಐವರನ್ನು ಹೆಚ್ಚುವರಿಯಾಗಿ ಸೇರಿಸಬೇಕು. "ಹೆಚ್ಚುವರಿ" ಎಂಬ ಮಾತೇ ಇಲ್ಲಿ ಮುಖ್ಯ. ಹಿಂದಿನ ಹನ್ನೆರಡು ತಿಂಗಳ ಸರಾಸರಿ ನೌಕರರ ಸಂಖ್ಯೆಯನ್ನು ತಳಸಂಖ್ಯೆ ಎಂದು ಹಿಡಿಯುತ್ತಾರೆ; ಅದನ್ನು ಮೀರಿದವರಿಗೆ ಮಾತ್ರ ಸಹಾಯ. ಇದ್ದವನನ್ನು ತೆಗೆದು ಹೊಸಬನನ್ನು ಹಾಕಿದರೆ ಸಂಖ್ಯೆ ಏರುವುದಿಲ್ಲ, ಹಣವೂ ಬರುವುದಿಲ್ಲ. ಹೊಸದಾಗಿ ನೋಂದಣಿ ಮಾಡಿಸಿದ ಸಂಸ್ಥೆಗೆ ತಳಸಂಖ್ಯೆಯನ್ನು 20 ಎಂದೇ ಎಣಿಸುತ್ತಾರೆ.

ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿದೆ. 20ಕ್ಕಿಂತ ಕಡಿಮೆ ನೌಕರರುಳ್ಳ ಸಂಸ್ಥೆಗೆ ಭವಿಷ್ಯನಿಧಿ ಕಡ್ಡಾಯವಲ್ಲ. ವಿದ್ಯುತ್ ಶಕ್ತಿ ಬಳಸದ ಸಹಕಾರ ಸಂಘಕ್ಕೆ ಈ ಮಿತಿ 50. ನಾಲ್ಕೈದು ಎಕರೆ ತೋಟದ ಬೆಳೆಗಾರನು ಈ ಯೋಜನೆಗಾಗಿ ಹೊಸದಾಗಿ ನೋಂದಣಿ ಮಾಡಿಸಿ ಇಬ್ಬರನ್ನು ಸೇರಿಸಿಕೊಂಡರೂ 20ರ ತಳಸಂಖ್ಯೆಯನ್ನು ದಾಟಲಾರ. ಅವನಿಗೆ ಎರಡನೆಯ ಭಾಗದ ಹಣ ಬಾರದು. ಆದುದರಿಂದ "ನಿಮ್ಮ ತೋಟಕ್ಕೆ ಸಬ್ಸಿಡಿ ಮಾಡಿಸಿಕೊಡುತ್ತೇವೆ" ಎಂದು ಹಣ ಕೇಳುವ ದಲ್ಲಾಳಿಗಳು ಬಂದರೆ ಸದಸ್ಯರು ಒಪ್ಪಬಾರದು.

ನೋಂದಣಿ ಈಗಾಗಲೇ ಇರುವವರ ಲೆಕ್ಕವನ್ನೂ ನೋಡೋಣ. 15,000 ರೂಪಾಯಿ ಸಂಬಳದ ಒಬ್ಬ ಪದವೀಧರನನ್ನು ತೆಗೆದುಕೊಂಡರೆ ಸಹಾಯಧನ ತಿಂಗಳಿಗೆ 2,000. ಮಾಲೀಕ ಕಟ್ಟಬೇಕಾದ ಭವಿಷ್ಯನಿಧಿ ವಂತಿಗೆ ಶೇಕಡ 12ರಂತೆ 1,800. ವಿಮೆ ಮತ್ತು ಆಡಳಿತ ವೆಚ್ಚ ಶೇಕಡ ಅರ್ಧದಂತೆ ತಲಾ 75. ಒಟ್ಟು 1,950. ಕೈಯಲ್ಲಿ ಉಳಿಯುವುದು 50 ರೂಪಾಯಿ! ಅಂದರೆ ನೌಕರನನ್ನು ಭವಿಷ್ಯನಿಧಿಗೆ ಸೇರಿಸುವ ಖರ್ಚನ್ನು ಸರ್ಕಾರ ಎರಡು ವರ್ಷ ಹೊರುತ್ತದೆ. ಸಂಬಳದ 15,000 ನಮ್ಮದೇ. ಸಹಾಯ ನಿರುಪಯುಕ್ತ ಎಂದು ನಾವು ಹೇಳುತ್ತಿಲ್ಲ. ಹುಡುಗನ ಹೆಸರಿನಲ್ಲಿ ನಿಧಿ ಬೆಳೆಯುತ್ತದೆ, ಕೆಲಸಕ್ಕೆ ಭದ್ರತೆ ಬರುತ್ತದೆ. ಆದರೆ ಇದನ್ನು ನಂಬಿ ನೇಮಕ ಮಾಡಲಾಗದು.

ಅಪ್ರೆಂಟಿಸ್ ಯೋಜನೆ

ನಮ್ಮಂಥ ಸಣ್ಣ ಸಂಸ್ಥೆಗಳಿಗೆ ಹೆಚ್ಚು ಹೊಂದುವುದು 1961ರ ಅಪ್ರೆಂಟಿಸ್ ಕಾಯಿದೆ. 1973ರ ತಿದ್ದುಪಡಿಯಿಂದ ಎಂಜಿನಿಯರಿಂಗ್ ಪದವೀಧರರೂ ಡಿಪ್ಲೊಮಾದವರೂ ಇದರೊಳಗೆ ಬಂದರು. 2014ರ ತಿದ್ದುಪಡಿ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಂತಾದ ಪದವೀಧರರಿಗೂ ಬಾಗಿಲು ತೆರೆಯಿತು. 2019ರ ನಿಯಮದಂತೆ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 4ರಿಂದ 29 ಜನರಿರುವ ಸಂಸ್ಥೆ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಮಿತಿ ಒಟ್ಟು ಕೆಲಸಗಾರರ ಶೇಕಡ 15. 20 ಜನರಿರುವ ಸಂಘ ಮೂವರವರೆಗೆ ತೆಗೆದುಕೊಳ್ಳಬಹುದು.

ಅದೇ 2019ರ ನಿಯಮ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಸ್ಟೈಪೆಂಡ್ ಗೊತ್ತುಮಾಡಿತು. ಅದರಲ್ಲಿ ಅರ್ಧ, ಎಂದರೆ 4,500 ಮತ್ತು 4,000, ಕೇಂದ್ರ ಸರ್ಕಾರದ ಪಾಲು. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್ ಮಂಡಳಿ ಸ್ಟೈಪೆಂಡನ್ನು ಏರಿಸಲು ಶಿಫಾರಸು ಮಾಡಿರುವುದರಿಂದ, ಕರಾರು ಬರೆಯುವ ದಿನದ ದರವನ್ನು ವಿಚಾರಿಸಿಕೊಳ್ಳತಕ್ಕದ್ದು. 9,000ದ ದರದಲ್ಲಿ ಒಂದು ವರ್ಷಕ್ಕೆ ನಮ್ಮ ಪಾಲು 54,000 ರೂಪಾಯಿ. ಕರ್ನಾಟಕಕ್ಕೆ ಇದನ್ನು ನೋಡಿಕೊಳ್ಳುವುದು ಚೆನ್ನೈನಲ್ಲಿರುವ ದಕ್ಷಿಣ ವಲಯದ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ.

ಅಪ್ರೆಂಟಿಸ್ ಎಂದರೆ ಕಾನೂನಿನ ಪ್ರಕಾರ ಕಲಿಯುವವನು, ನೌಕರನಲ್ಲ. ಭವಿಷ್ಯನಿಧಿ ಅವನಿಗೆ ಅನ್ವಯಿಸದು. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ನಮಗಿಲ್ಲ. ಸೇರಲೇಬೇಕೆಂಬ ಕಟ್ಟುಪಾಡು ಅವನಿಗೂ ಇಲ್ಲ. ಹಾಗೆಂದು ಅವನನ್ನು ಕಡಿಮೆ ಕೂಲಿಯ ಆಳೆಂದು ಬಗೆಯುವುದು ತಪ್ಪು. ಚೀಲ ಹೊರಿಸಿ, ಚಹಾ ತರಿಸಿ ವರ್ಷ ಕಳೆದರೆ ಅವನೂ ಕಲಿಯಲಿಲ್ಲ, ನಮಗೂ ಒಬ್ಬ ಕೆಲಸಬಲ್ಲವನು ಸಿಗಲಿಲ್ಲ.

ಇಲ್ಲಿಯೇ ಯುವನಿಧಿಯ ಮಾತನ್ನೂ ಹೇಳಬೇಕು. ರಾಜ್ಯ ಸರ್ಕಾರ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಕೊಟ್ಟ ಈ ಯೋಜನೆಯಲ್ಲಿ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಇದು ನಿರುದ್ಯೋಗ ಭತ್ಯೆಯೇ ಹೊರತು ವೇತನ ಸಹಾಯವಲ್ಲ. ಕೆಲಸಕ್ಕೆ ಸೇರಿದರೆ ನಿಲ್ಲುತ್ತದೆ. ಅಪ್ರೆಂಟಿಸ್ ವೇತನ ಪಡೆಯುವವರಿಗೂ ಸಲ್ಲದು. 9,000 ಸ್ಟೈಪೆಂಡಿಗೆ ಬರುವವನು ಕೈಲಿರುವ 3,000ವನ್ನು ಬಿಟ್ಟು ಬರುತ್ತಾನೆ, ದಿನವೂ ಬಸ್ಸಿನ ಖರ್ಚೂ ಅವನದೇ ಎಂಬುದನ್ನು ನಾವು ಮರೆಯಬಾರದು.

ನಾಲ್ಕನೆಯ ವರ್ಷದ ಲೆಕ್ಕ

ಸಹಾಯಧನ ನಿಂತ ಮೇಲೆ ಏನಾಗುತ್ತದೆ ಎಂಬುದಕ್ಕೆ ರೈತ ಉತ್ಪಾದಕ ಸಂಸ್ಥೆಗಳ ನಿಯಮವೇ ಒಳ್ಳೆಯ ಉದಾಹರಣೆ. 2020ರ ಫೆಬ್ರುವರಿಯಲ್ಲಿ ಆರಂಭವಾದ 10,000 ಸಂಸ್ಥೆಗಳ ಯೋಜನೆಯಲ್ಲಿ ಪ್ರತಿ ಸಂಸ್ಥೆಗೆ ಮೂರು ವರ್ಷಗಳಲ್ಲಿ ಗರಿಷ್ಠ 18 ಲಕ್ಷ ರೂಪಾಯಿ ನೆರವು. ಅದರಲ್ಲಿ ಮುಖ್ಯ ಕಾರ್ಯನಿರ್ವಾಹಕನ ಸಂಬಳಕ್ಕೆ ತಿಂಗಳಿಗೆ 25,000ದವರೆಗೆ, ಲೆಕ್ಕಿಗನಿಗೆ 10,000ದವರೆಗೆ ಅವಕಾಶ. 10,000ದ ಗುರಿ 2025ರ ಫೆಬ್ರುವರಿಯಲ್ಲೇ ಮುಟ್ಟಿತು. ಆದ್ದರಿಂದ ಇದನ್ನು ಆಸೆಗಾಗಿ ಅಲ್ಲ, ಲೆಕ್ಕಕ್ಕಾಗಿ ಹೇಳುತ್ತಿದ್ದೇವೆ.

ಇಬ್ಬರ ಸಂಬಳ ತಿಂಗಳಿಗೆ 35,000. ಮೂರು ವರ್ಷಕ್ಕೆ 12 ಲಕ್ಷ 60 ಸಾವಿರ. ನಾಲ್ಕನೆಯ ವರ್ಷದಿಂದ ವರ್ಷಕ್ಕೆ 4 ಲಕ್ಷ 20 ಸಾವಿರವನ್ನು ಸಂಸ್ಥೆಯೇ ದುಡಿಯಬೇಕು. ಸದಸ್ಯರು 300 ಮಂದಿ ಇದ್ದರೆ ತಲೆಗೆ 1,400 ರೂಪಾಯಿ. ಶೇಕಡ 2ರ ಕಮಿಷನ್ನಿನಿಂದ ಹುಟ್ಟಬೇಕಾದರೆ ವರ್ಷಕ್ಕೆ 2 ಕೋಟಿ 10 ಲಕ್ಷದ ವಹಿವಾಟು ಸಂಸ್ಥೆಯ ಮೂಲಕ ನಡೆಯಬೇಕು. ಸದಸ್ಯರು ಗೊಬ್ಬರವನ್ನು ಪೇಟೆಯಲ್ಲಿ ಕೊಂಡು, ಅಡಿಕೆಯನ್ನು ಮನೆಬಾಗಿಲಿಗೆ ಬಂದ ವ್ಯಾಪಾರಿಗೆ ತೂಗಿಕೊಟ್ಟರೆ ಈ ವಹಿವಾಟು ಎಲ್ಲಿಂದ ಬಂದೀತು? ಅಡಿಕೆ ಸಸಿಗೆ ನೆರಳಿಗೆಂದು ಬಾಳೆ ಹಾಕುತ್ತೇವೆ. ಬಾಳೆ ತೆಗೆಯುವ ಹೊತ್ತಿಗೆ ಅಡಿಕೆ ತಾನೇ ಬಿಸಿಲು ತಾಳುವಂತಿರಬೇಕು. ನೇಮಕದ ಮಾತೂ ಹಾಗೆಯೇ.

ಮೊದಲು ಕೆಲಸ, ಆಮೇಲೆ ಸಹಾಯಧನ

ಹಾಗಾದರೆ ಸಂಬಳವನ್ನು ತಾನೇ ದುಡಿದುಕೊಡುವ ಕೆಲಸ ನಮ್ಮಲ್ಲಿ ಇದೆಯೇ? ಇದೆ ಎಂಬುದೇ ನಮ್ಮ ಅಭಿಪ್ರಾಯ. ಒಂದು ಉದಾಹರಣೆ ಕೊಡುತ್ತೇವೆ. ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಕೊಳ್ಳಬಾರದೆಂದು ಯುರೋಪ್ ಒಕ್ಕೂಟ 2023ರಲ್ಲಿ ನಿಯಮ ಮಾಡಿತು. ಜಾರಿಯ ದಿನಾಂಕವನ್ನು ಮುಂದೂಡಿದ್ದರೂ ನಿಯಮ ಹೋಗಿಲ್ಲ. ಅದರ ಪ್ರಕಾರ ಕಾಫಿ ಬೆಳೆದ ಪ್ರತಿ ತೋಟದ ಅಕ್ಷಾಂಶ, ರೇಖಾಂಶಗಳ ದಾಖಲೆ ಬೇಕು. 4 ಹೆಕ್ಟೇರಿನ ಒಳಗಿನ ತೋಟಕ್ಕೆ ಒಂದು ಬಿಂದುವಿನ ಗುರುತು ಸಾಕು. ಅದಕ್ಕಿಂತ ದೊಡ್ಡದಾದರೆ ಎಲ್ಲೆಯನ್ನೇ ಗುರುತಿಸಬೇಕು. ಮೊಬೈಲ್ ಬಳಸಬಲ್ಲ ಪದವೀಧರ ಇದನ್ನು ಕಲಿತು ಎಲ್ಲ ಸದಸ್ಯರ ತೋಟಗಳನ್ನೂ ದಾಖಲಿಸಬಹುದು. ಇದರ ಜೊತೆಗೆ ಕಾಫಿಯ ತೇವಾಂಶ ನೋಡುವುದು, ಅಡಿಕೆ ಮಾರಾಟದ ಜಿ.ಎಸ್.ಟಿ. ಲೆಕ್ಕ, ಮಣ್ಣು ಪರೀಕ್ಷೆಗೆ ಮಾದರಿ ಕಳಿಸುವುದು, ಹನಿ ನೀರಾವರಿ ಸಹಾಯಧನದ ಅರ್ಜಿ, ಇವೆಲ್ಲಕ್ಕೂ ಸದಸ್ಯರು ಈಗ ಹೊರಗೆ ಹಣ ಕೊಡುತ್ತಿದ್ದಾರೆ ಅಥವಾ ಕೆಲಸವನ್ನೇ ಬಿಟ್ಟು ನಷ್ಟಪಡುತ್ತಿದ್ದಾರೆ.

ಒಬ್ಬೊಬ್ಬ ಬೆಳೆಗಾರ ಒಬ್ಬ ಪದವೀಧರನನ್ನು ಸಾಕಲಾರ. ಸಂಘ ಸಾಕಬಲ್ಲದು, ಸದಸ್ಯರು ಆ ಸೇವೆಯನ್ನು ಸಂಘದಿಂದಲೇ ಪಡೆದು ಅದಕ್ಕೆ ತಕ್ಕ ಶುಲ್ಕ ಕೊಟ್ಟರೆ. ಆದ್ದರಿಂದ ಮೊದಲಿಗೆ ಒಬ್ಬ ಪದವೀಧರ ಅಪ್ರೆಂಟಿಸ್‌ನನ್ನು ಒಂದು ವರ್ಷಕ್ಕೆ ತೆಗೆದುಕೊಳ್ಳುವ ಪ್ರಸ್ತಾವವನ್ನು ಮುಂದಿನ ಸರ್ವ ಸದಸ್ಯರ ಸಭೆಯ ಮುಂದೆ ಇಡಲಿದ್ದೇವೆ. ಈಗಿರುವ ಗುಮಾಸ್ತರ ಸ್ಥಾನಕ್ಕೆ ಇದರಿಂದ ಯಾವ ಧಕ್ಕೆಯೂ ಇಲ್ಲ. ಕಲಿಸುವ ಹೊಣೆ ಅವರದೇ. ವರ್ಷದ ಕೊನೆಗೆ ಸೇವಾ ಶುಲ್ಕದಿಂದ ಬಂದ ಹಣವನ್ನೂ ಪೂರ್ಣ ಸಂಬಳಕ್ಕೆ ಬೇಕಾದ ಹಣವನ್ನೂ ಸದಸ್ಯರ ಮುಂದೆ ಇಟ್ಟು, ಖಾಯಂ ಹುದ್ದೆಯ ಬಗ್ಗೆ ಆಗ ತೀರ್ಮಾನಿಸುವುದು ಉಚಿತ.

ಸಭೆಗೆ ಬರುವ ಮುನ್ನ ಪ್ರತಿ ಸದಸ್ಯರೂ ಎರಡು ವಿಷಯಗಳನ್ನು ಒಂದು ಚೀಟಿಯಲ್ಲಿ ಬರೆದು ತರಬೇಕೆಂದು ಕೋರುತ್ತೇವೆ. ಮೇಲೆ ಹೇಳಿದ ಕೆಲಸಗಳಿಗೆ ಕಳೆದ ವರ್ಷ ಹೊರಗೆ ಕೊಟ್ಟ ಹಣ ಎಷ್ಟು? ಸಂಘವೇ ಮಾಡಿಕೊಟ್ಟರೆ ವರ್ಷಕ್ಕೆ ಎಷ್ಟು ಕೊಡಲು ಸಿದ್ಧರಿದ್ದೀರಿ? ಮನೆಯಲ್ಲಿ ಪದವಿ ಮುಗಿಸಿದ ಮಗನೋ ಮಗಳೋ ಇದ್ದರೆ ಅಂಕಪಟ್ಟಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ನಕಲುಗಳೊಂದಿಗೆ ಕಚೇರಿಯ ವೇಳೆಯಲ್ಲಿ ಬಂದು ಹೆಸರು ಬರೆಸಬಹುದು. ಹೆಸರು ಬರೆಸಲು ಶುಲ್ಕವಿಲ್ಲ.

— ಕಾರ್ಯದರ್ಶಿ